ಕುಂಬಾರಗೇರಿಯಲ್ಲಿ ಒಂದು ದಿನದ ಪಾಠ

ನೀರು ಆವಿಯಾಗುವ ಕ್ರಮವನ್ನು ನಮ್ಮ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯರು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿರುವರು. ಆದರೆ ಮಣ್ಣು ಗಡಿಗೆಯಾಗುವ ಬಗೆಯನ್ನು ಅವರಲ್ಲಿ ಒಬ್ಬಳಾದರೂ ಕಣ್ಣಾರೆ ಕಂಡಿರಲಿಲ್ಲ. ಆದಕಾರಣ ಕಳೆದ ಫೆಬ್ರವರಿಯ ಒಂದು ಶನಿವಾರ ಮುಂಜಾನೆ ನಾವು ಅವರನ್ನು ಕರಕೊಂಡು ಬೆಳಗಾವಿಯಿಂದ ಖಾನಾಪುರ ತಾಲೂಕಿನ ಒಂದು ಹಳ್ಳಿಗೆ ಹೋದೆವು. ಮಲಪ್ರಭಾ ನದಿಯು ಈ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತದೆ. ಇಲ್ಲಿಯ ಜೇಡಿಮಣ್ಣು ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯು ಖಾನಾಪುರದಲ್ಲಿಯೇ ಉಂಟು.

ಮೊದಲು ಶಾಲೆಗೆ ಹೋದೆವು. ಕೋಣೆಗಳು ಮೂರು, ತರಗತಿಗಳು ಏಳು. ಅಂಗಳವು ನಮ್ಮ ಅಂಗಳಕ್ಕಿಂತ ಚೊಕ್ಕಟವಾಗಿತ್ತೆಂದು ಹೇಳಲೇಬೇಕು. ಮೂಲೆಯಲ್ಲಿ ಮಕ್ಕಳಿಗೆ ಕುಡಿಯುವ ನೀರಿನ ಎರಡು ಹರವಿಗಳಿದ್ದವು. ಗಡಿಗೆಯ ನೀರು ಯಾಕೆ ತಂಪೆಂದು ಅಲ್ಲಿಯ ಗುರುಗಳು ನಮ್ಮ ಹುಡುಗಿಯರನ್ನು ಕೇಳಿದರು. ಸೂಕ್ಷ್ಮ ರಂಧ್ರಗಳಿಂದ ಒಸರಿದ ನೀರು ಆವಿಯಾಗುವಾಗ ಉಷ್ಣವನ್ನು ಹೀರಿಕೊಳ್ಳುವದೆಂದು ಎಲ್ಲರೂ ಒಂದೇ ಸ್ವರದಿಂದ ಒಪ್ಪಿಸಿದರು. “ಹಾಗಾದರೆ ಹಳೆಯ ಗಡಿಗೆಯಲ್ಲಿ ಅಷ್ಟು ತಂಪು ಯಾಕಿಲ್ಲ?” ಎಂದಾಗ ಒಬ್ಬಳೂ ಬಾಯಿ ತೆರೆಯಲಿಲ್ಲ. ಹಿಂದಿನ ಸಾಲಿನಿಂದ ಏಳನೆಯ ತರಗತಿಯ ಒಬ್ಬ ಹುಡುಗಿ ಎದ್ದು, “ನೀರಾಗಿನ ಉಪ್ಪು ಕಟ್ಟಿ ತೂತು ಮುಚ್ಚಿರ್ತಾವ್ರಿ” ಅಂದಳು. ಆಕೆಯು ಕುಂಬಾರರ ಮಗಳೆಂದು ಆಮೇಲೆ ತಿಳಿಯಿತು. ಮಧ್ಯಾಹ್ನ ಆಕೆಯೇ ನಮ್ಮನ್ನು ತನ್ನ ಮನೆಗೆ ಕರಕೊಂಡು ಹೋದಳು.

ಮಣ್ಣನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ನೆನೆಯಿಟ್ಟು, ಸಣ್ಣ ಮರಳು ಬೆರಸಿ ತುಳಿಯುವರು. ಬರಿಯ ಜೇಡಿಯು ಒಣಗುವಾಗ ಬಹಳ ಕುಗ್ಗಿ ಸೀಳುವದು. ಮರಳು ಆ ಕುಗ್ಗುವಿಕೆಯನ್ನು ಕಡಿಮೆ ಮಾಡುವದು. ಎಷ್ಟು ಮಣ್ಣಿಗೆ ಎಷ್ಟು ಮರಳೆಂಬದಕ್ಕೆ ಅವರಲ್ಲಿ ತೂಕವಿಲ್ಲ, ಬೆರಳೇ ತಕ್ಕಡಿ. ಮನೆಯ ಯಜಮಾನನು ತಿಗರಿಯನ್ನು ಕೋಲಿನಿಂದ ತಿರುಗಿಸಿ ಬಿಟ್ಟು, ಅದರ ವೇಗವು ಇಳಿಯುವದರೊಳಗೆ ಗಡಿಗೆಯ ಕಂಠವನ್ನು ಎತ್ತಿ, ದಾರದಿಂದ ಕೊಯ್ದು ಇಳಿಸಿದನು. ಅದು ದಪ್ಪವಾಗಿಯೂ ಗಿಡ್ಡವಾಗಿಯೂ ಇತ್ತು. ಗಡಿಗೆಯು ದೊಡ್ಡದಾಗುವದು ಆಮೇಲೆ: ಅರೆ ಒಣಗಿದ ಮೇಲೆ ಒಳಗಡೆ ದುಂಡುಕಲ್ಲನ್ನು ಹಿಡಿದು ಹೊರಗಿನಿಂದ ಹಲಗೆಯಲ್ಲಿ ತಟ್ಟಿ ತಟ್ಟಿ ಹಿಗ್ಗಿಸುವರು. ಈ ತಟ್ಟುವ ಕೆಲಸವು ಆ ಮನೆಯಲ್ಲಿ ತಾಯಿಮಗಳದು. ಒಂದು ಪೆಟ್ಟು ಹೆಚ್ಚಾದರೆ ಗೋಡೆ ಹರಿಯುವದು, ಕಡಿಮೆಯಾದರೆ ಒಲೆಯ ಮೇಲೆ ಬಿರಿಯುವದು. ತಿಗರಿಯನ್ನು ಹೆಂಗಸರು ಮುಟ್ಟುವ ವಾಡಿಕೆಯಿಲ್ಲ. ಮಣ್ಣು ಹೊರುವದು, ತುಳಿಯುವದು, ತಟ್ಟುವದು, ಸಂತೆಗೆ ಒಯ್ಯುವದು ಇವೆಲ್ಲಾ ಅವರ ಪಾಲಿನವು. ನೋಡಬಂದವರ ಹೊಗಳಿಕೆ ಮಾತ್ರ ತಿಗರಿಗೇ ಸಲ್ಲುವದು ನಮಗೆ ನ್ಯಾಯವೆಂದು ತೋರಲಿಲ್ಲ.

ಹಿತ್ತಲಲ್ಲಿ ಆವಿಗೆಯನ್ನು ಒಟ್ಟಿದ್ದರು. ಗಡಿಗೆಗಳ ನಡುವೆ ಕುಳ್ಳು, ಕಟ್ಟಿಗೆ, ಹುಲ್ಲು. ಮೇಲೆ ಬೋಕಿ ಮತ್ತು ಮಣ್ಣಿನ ಹೊದಿಕೆ. ಉರಿಯು ಸುಮಾರು 600 ಡಿಗ್ರಿ ಸೆಲ್ಸಿಯಸ್ ಮುಟ್ಟುವದರೊಳಗೆ ಜೇಡಿಯಲ್ಲಿ ರಾಸಾಯನಿಕವಾಗಿ ಕೂಡಿಕೊಂಡಿದ್ದ ನೀರೂ ಬಿಟ್ಟುಹೋಗುವದು. ಮುಂದೆ ಎಷ್ಟು ನೆನೆಸಿದರೂ ಅದು ತಿರುಗಿ ಕೆಸರಾಗದು. ಗಾಳಿಯು ಆಡಿದರೆ ಮಣ್ಣಿನೊಳಗಿನ ಕಬ್ಬಿಣದ ಅಂಶವು ಕೆಂಪಾಗುವದು, ಹೊಗೆಯನ್ನು ಒಳಗೇ ತಡೆದರೆ ಗಡಿಗೆಯು ಕಪ್ಪಾಗುವದು. ಮಳೆಗಾಲದಲ್ಲಿ ಈ ಕೆಲಸವೆಲ್ಲಾ ನಿಲ್ಲುವದರಿಂದ ಬೇಸಿಗೆಯ ದುಡಿತವೇ ವರುಷದ ಅನ್ನ. ಅಲ್ಯುಮಿನಿಯಂ ಮತ್ತು ಪ್ಲಾಸ್ಟಿಕ್ ಕೊಡಗಳು ಬಂದ ಮೇಲೆ ಆ ಅನ್ನವೂ ಕಿರಿದಾಗಿದೆ. ಆಯೋಗವು 2018ರಿಂದ ಕುಂಬಾರರಿಗೆ ವಿದ್ಯುತ್ತಿನ ತಿಗರಿಗಳನ್ನು ಹಂಚುತ್ತ ಬಂದಿದೆ. ಈ ಮನೆಗೆ ಅದು ಇನ್ನೂ ಬಂದಿರಲಿಲ್ಲ. ಪೇಟೆಯಲ್ಲಿ ಚೌಕಾಶಿಗೆ ಹೆಸರಾದ ನಮ್ಮ ಹುಡುಗಿಯರು ಆ ದಿನ ಹಣತೆಗಳಿಗೆ ಕೇಳಿದಷ್ಟನ್ನೇ ಕೊಟ್ಟರು.

ಹೊರಡುವಾಗ ತಾಯಿಯು, “ಅಕ್ಕೋರೆ, ಏಳನೇತ್ತೆ ಮುಗದ ಮ್ಯಾಲ ಇಕಿನ್ನ ಎಲ್ಲಿಗೆ ಕಳಸೂದ್ರಿ?” ಎಂದು ಕೇಳಿದಳು. ಹೈಸ್ಕೂಲು ಎಂಟು ಕಿಲೋಮೀಟರು ದೂರ, ಸಂಜೆಯ ಬಸ್ಸು ನೆಚ್ಚತಕ್ಕದ್ದಲ್ಲ. 2009ರ ಕಾಯ್ದೆಯು 14 ವರುಷದ ವರೆಗೆ ಶಿಕ್ಷಣವನ್ನು ಹಕ್ಕೆಂದು ಮಾಡಿದ್ದರೂ ಆ ಎಂಟು ಕಿಲೋಮೀಟರು ಹಾಗೆಯೇ ಉಳಿದಿದೆ. ನಮ್ಮ ವಸತಿಗೃಹದಲ್ಲಿ ಸ್ಥಳವುಂಟೆಂದು ಹೇಳಿದೆವು. ಬೆಳಗಾವಿಯು ಬಹು ದೂರ, ಬೇಸಿಗೆಯಲ್ಲಿ ತಟ್ಟುವದಕ್ಕೆ ಎರಡನೆಯ ಕೈ ಬೇಕು, ಎಂದು ತಂದೆಯು ತಲೆಯಲ್ಲಾಡಿಸಿದನು. ಹುಡುಗಿಯು ಏನೂ ಅನ್ನದೆ ಹಲಗೆಯ ಮಣ್ಣನ್ನು ಕೆರೆಯುತ್ತ ನಿಂತಿದ್ದಳು. ವಾರಕ್ಕೊಮ್ಮೆ ಮನೆಗೆ ಬರುವ ಹಾಗಿದ್ದರೆ ಖಾನಾಪುರದಲ್ಲಿ ಇರಿಸಲು ಇಬ್ಬರೂ ಒಪ್ಪುವರೆಂದು ಗುರುಗಳು ತಿಳಿಸಿರುವರು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಆ ಪಟ್ಟಣದಲ್ಲಿ ಮನೆಮಾಡಿಕೊಂಡಿರುವವರು ಯಾರಾದರೂ ಆಕೆಗೆ ಸ್ಥಳ ಕೊಡಬಲ್ಲವರಾದರೆ, ಜೂನ್ ತಿಂಗಳಲ್ಲಿ ಶಾಲೆ ತೆರೆಯುವದಕ್ಕೆ ಮುಂಚೆ ನಮಗೆ ಒಂದು ಮಾತು ಬರೆಯಬೇಕಾಗಿ ಕೇಳಿಕೊಳ್ಳುತ್ತೇವೆ. ಪುಸ್ತಕ ಮತ್ತು ಬಟ್ಟೆಗಳ ವೆಚ್ಚವನ್ನು ಉಪಾಧ್ಯಾಯಿನಿಯರು ವಹಿಸಿಕೊಂಡಿರುವರು.