ರೊಟ್ಟಿ ತಿನ್ನುವ ಮಂದಿಗೂ ಸಕ್ಕರೆ ಕಾಯಿಲೆ ಏಕೆ?



ಸಂಘಕ್ಕೆ ಬರುವ ವೈದ್ಯಕೀಯ ನೆರವಿನ ಅರ್ಜಿಗಳನ್ನು ಓದಿ, ಅರ್ಜಿದಾರರ ಮನೆಗೆ ಹೋಗಿ ವಿಚಾರಿಸಿ ಬರುವ ಕೆಲಸ ನನ್ನದು. ಇತ್ತೀಚೆಗೆ ಹೋದದ್ದು ಖಡಕಿ ಬಜಾರಿನ ಹಿಂದಿರುವ ಒಂದೇ ಕೋಣೆಯ ಮನೆಗೆ. ಮನೆಯ ಯಜಮಾನರು ವಿಜಯಪುರ ಜಿಲ್ಲೆಯಿಂದ ಗಾರೆ ಕೆಲಸಕ್ಕೆ ಬಂದವರು. ಈಗ ಅವರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಕಾಲು ಬಾತುಕೊಂಡಿತೆಂದು ಆಸ್ಪತ್ರೆಗೆ ಹೋದಾಗ, ಸಕ್ಕರೆ ಕಾಯಿಲೆ ಇದೆಯೆಂಬುದೂ ಮೂತ್ರಪಿಂಡ ಕೆಟ್ಟಿದೆಯೆಂಬುದೂ ಒಂದೇ ದಿನ ತಿಳಿಯಿತಂತೆ. ಕಾಗದಪತ್ರ ನೋಡಿ ನಾನು ಏಳುವಾಗ ಅವರ ಹೆಂಡತಿ ಕೇಳಿದರು: "ಅಣ್ಣಾರ, ನಾವು ರೊಟ್ಟಿ ತಿನ್ನೋ ಮಂದಿ. ನಮಗ್ಯಾಕ ಬಂತ್ರಿ ಈ ಸಕ್ಕರಿ ಬ್ಯಾನಿ?"

ಆಗ ನನ್ನಿಂದ ಉತ್ತರ ಕೊಡಲಾಗಲಿಲ್ಲ. ಆಮೇಲೆ ಓದಿ, ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಪ್ರಶ್ನೆ ನಮ್ಮಲ್ಲಿ ಬಹಳ ಜನರದು.

ಊರಿನ ಊಟದಲ್ಲಿ ಏನಿತ್ತು?

ಮೊದಲು ರೊಟ್ಟಿಯ ಗುಣವನ್ನು ಒಪ್ಪಿಕೊಳ್ಳೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ಮಂಡ್ಯ, ತುಮಕೂರು ಕಡೆಯವರ ರಾಗಿಯಲ್ಲಿ 100 ಗ್ರಾಂಗೆ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ 8 ಮಿಲಿಗ್ರಾಂ ಕೂಡ ಇಲ್ಲ. ನಾರು ಹೆಚ್ಚಿದ್ದಷ್ಟೂ ಊಟದ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ, ಹೊಟ್ಟೆ ಹೆಚ್ಚು ಹೊತ್ತು ತುಂಬಿರುತ್ತದೆ.

ಆದರೆ ಬರಿಯ ರೊಟ್ಟಿ ಔಷಧವಲ್ಲ. ದಖ್ಖನಿನಲ್ಲಿ ಜೋಳವನ್ನೇ ನೆಚ್ಚಿಕೊಂಡ ಬಡವರಲ್ಲಿ ಪೆಲ್ಲಾಗ್ರಾ ಎಂಬ ಕಾಯಿಲೆ ಕಾಣಿಸಿಕೊಳ್ಳುತ್ತಿತ್ತು. ಬಿಸಿಲು ಬೀಳುವ ಕಡೆ ಚರ್ಮ ಕಪ್ಪಾಗುವುದು, ಭೇದಿ, ಮಂಕು ಹಿಡಿಯುವುದು ಅದರ ಲಕ್ಷಣಗಳು. 1960ರ ಸುಮಾರಿಗೆ ಡಾ. ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಅಭ್ಯಾಸ ಮಾಡಿದರು. ಜೋಳದ ಜೊತೆ ಬೇಳೆ, ಹಾಲು, ಶೇಂಗಾ, ಮಾಂಸ ಇದ್ದವರಿಗೆ ಈ ಭಯ ಕಡಿಮೆ. ನಮ್ಮ ಹಿರಿಯರ ಗಂಗಾಳದಲ್ಲಿ ರೊಟ್ಟಿಯ ಪಕ್ಕದಲ್ಲಿ ಕಾಳಿನ ಪಲ್ಯ, ಪುಂಡಿಪಲ್ಯ, ಹಸಿ ಮೆಂತ್ಯ, ಉಳ್ಳಾಗಡ್ಡಿ ತಪ್ಪಲು, ಶೇಂಗಾ ಹಿಂಡಿ, ಮಜ್ಜಿಗೆ ಇರುತ್ತಿದ್ದವು. ಆರೋಗ್ಯ ಕಾಯುತ್ತಿದ್ದದ್ದು ಈ ಇಡೀ ಜೋಡಣೆ. ಅದರ ಜೊತೆಗೆ ಹೊಲದ ದುಡಿಮೆ.

ಖಡಕಿಗೆ ಬಂದ ಮೇಲೆ

ಆ ಅಕ್ಕನನ್ನು ಎರಡನೆಯ ಸಲ ಕಂಡಾಗ ದಿನದ ಊಟವನ್ನು ಕೇಳಿ ಬರೆದುಕೊಂಡೆ. ಬೆಳಿಗ್ಗೆ ಸಿಹಿ ಚಹಾ, ಖಾರಿ. ಕೆಲಸದ ಕಡೆ ವಡಾಪಾವ್, ಮತ್ತೆರಡು ಸಲ ಚಹಾ. ರಾತ್ರಿ ರೇಷನ್ ಅಕ್ಕಿಯ ಅನ್ನ, ತೆಳ್ಳನೆಯ ಸಾರು, ಉಪ್ಪಿನಕಾಯಿ. ಸೊಪ್ಪು ವಾರಕ್ಕೊಮ್ಮೆ. ಜೋಳ ತುಟ್ಟಿ, ರೊಟ್ಟಿ ಬಡಿಯಲು ಹೊತ್ತಿಲ್ಲ; ಹಾಗಾಗಿ ರೊಟ್ಟಿ ಭಾನುವಾರಕ್ಕೆ ಮಾತ್ರ. "ರೊಟ್ಟಿ ತಿನ್ನೋ ಮಂದಿ" ಎಂಬುದು ನೆನಪಿನಲ್ಲಿ ಉಳಿದಿದೆ, ಗಂಗಾಳದಲ್ಲಿ ಉಳಿದಿಲ್ಲ. ಅವರನ್ನು ದೂರಿ ಫಲವಿಲ್ಲ. ಕೈಗೆ ಎಟಕುವುದನ್ನೇ ಅವರು ಉಣ್ಣುತ್ತಿದ್ದಾರೆ.

ಒಂದೇ ಮೂಲದ ಜನ ಬೇರೆ ಬೇರೆ ಊಟ, ಬೇರೆ ಬೇರೆ ದುಡಿಮೆಗೆ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಪೀಮಾ ಬುಡಕಟ್ಟಿನವರು ಉದಾಹರಣೆ. ಅವರಲ್ಲಿ ಒಂದು ಗುಂಪು ಮೆಕ್ಸಿಕೋದ ಗುಡ್ಡಗಾಡಿನಲ್ಲಿ ಹುರುಳಿಯಂಥ ಕಾಳು, ಮುಸುಕಿನ ಜೋಳ, ಆಲೂಗಡ್ಡೆ ಉಂಡು ಒಕ್ಕಲುತನ ಮಾಡಿಕೊಂಡಿತ್ತು. ಇನ್ನೊಂದು ಗುಂಪು ಅರಿಜೋನಾದಲ್ಲಿ ಅಂಗಡಿಯ ಊಟಕ್ಕೆ, ಕಡಿಮೆ ದುಡಿಮೆಗೆ ಒಗ್ಗಿತ್ತು. 2006ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಸಕ್ಕರೆ ಕಾಯಿಲೆ ಮೆಕ್ಸಿಕೋದವರಲ್ಲಿ ನೂರಕ್ಕೆ ಸುಮಾರು 7 ಜನರಿಗೆ, ಅರಿಜೋನಾದವರಲ್ಲಿ ನೂರಕ್ಕೆ 38 ಜನರಿಗೆ ಇತ್ತು.

ತೆಳ್ಳಗಿದ್ದರೂ ಅಪಾಯ

"ನಾನು ದಪ್ಪ ಇಲ್ಲ, ನನಗೇಕೆ ಪರೀಕ್ಷೆ?" ಎನ್ನುವವರು ಬಹಳ. ಇದಕ್ಕೆ ಉತ್ತರ ನಮ್ಮ ಪುಣೆಯಲ್ಲೇ ಇದೆ. ಇಲ್ಲಿನ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಭಾವಚಿತ್ರ ಹಾಕಿ ತೋರಿಸಿದರು: ಎತ್ತರಕ್ಕೆ ತೂಕದ ಅಳತೆಯಾದ ಬಿ.ಎಂ.ಐ. ಇಬ್ಬರಿಗೂ 22.3. ಆದರೆ ಮೈಯಲ್ಲಿನ ಕೊಬ್ಬು ಯುಡ್ಕಿನ್ನರಿಗೆ ಶೇ. 9.1, ಯಾಜ್ಞಿಕರಿಗೆ ಶೇ. 21.2.

ಇದರ ಬೇರು ಬಸಿರಿನಲ್ಲೇ ಇದೆ. ಯಾಜ್ಞಿಕರ ತಂಡ 1993ರಿಂದ ಪುಣೆ ಹತ್ತಿರದ ಆರು ಹಳ್ಳಿಗಳಲ್ಲಿ ಗರ್ಭಿಣಿಯರ ಅಧ್ಯಯನ ನಡೆಸಿತು. ಅಲ್ಲಿನ ಕೂಸುಗಳ ಸರಾಸರಿ ತೂಕ ಸುಮಾರು 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಕೂಸುಗಳದು 3.5 ಕಿಲೋ. ನಮ್ಮ ಕೂಸುಗಳಲ್ಲಿ ಸ್ನಾಯು ಕಡಿಮೆ, ಆದರೆ ಚರ್ಮದಡಿಯ ಕೊಬ್ಬು ಆ ಮಟ್ಟಿಗೆ ಕಡಿಮೆಯಿಲ್ಲ. ಬಸಿರಿನಲ್ಲಿ ಹಸಿರು ಸೊಪ್ಪು, ಹಣ್ಣು, ಹಾಲು ಹೆಚ್ಚು ತೆಗೆದುಕೊಂಡ ತಾಯಂದಿರ ಕೂಸುಗಳು ಹೆಚ್ಚು ತುಂಬಿಕೊಂಡಿದ್ದವು. ತಾಯಿಯ ಗಂಗಾಳದಲ್ಲಿನ ಪಲ್ಯ ಮುಂದಿನ ತಲೆಮಾರಿಗೂ ಸಲ್ಲುತ್ತದೆ.

ಅದೇ ತಂಡ ಪುಣೆಯ ಹಳ್ಳಿ, ಕೊಳೆಗೇರಿ, ಮಧ್ಯಮ ವರ್ಗದ ಗಂಡಸರನ್ನು ಪರೀಕ್ಷಿಸಿದಾಗ ಸುಮಾರು ಮೂರನೇ ಎರಡು ಪಾಲಿನವರಲ್ಲಿ ಬಿ-12 ಜೀವಸತ್ವ ಕಡಿಮೆ ಇತ್ತು. ಇದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಿಂದ ಸಿಗುವಂಥದು. ಶುದ್ಧ ಸಸ್ಯಾಹಾರಿಗಳು ಹಾಲು ಮೊಸರನ್ನೂ ಬಿಟ್ಟರೆ ಸಾಂಪ್ರದಾಯಿಕ ಊಟದಲ್ಲೂ ಈ ಕೊರತೆ ಉಳಿಯುತ್ತದೆ.

ನಾವು ಮಾಡಬಹುದಾದದ್ದು

ಗಂಗಾಳದ ಅರ್ಧ ಸೊಪ್ಪು ತರಕಾರಿ, ಕಾಲು ಭಾಗ ಕಾಳು ಬೇಳೆ, ಉಳಿದ ಕಾಲು ಭಾಗ ರೊಟ್ಟಿ, ಚಪಾತಿ, ಮುದ್ದೆ ಅಥವಾ ಅನ್ನ. ದಿನವೂ ರೊಟ್ಟಿ ಆಗದಿದ್ದರೆ ಅನ್ನವನ್ನೇ ಕಡಿಮೆ ಮಾಡಿ ಕಾಳು ಹೆಚ್ಚಿಸಿ. ಮಡಕಿ, ಹೆಸರು ಮೊಳಕೆ ಬರಿಸಿದರೆ ಸೊಗಸು. ರಾಗಿ, ಜೋಳವೆಂದು ಮಿತಿ ಮೀರಿ ಉಂಡರೆ ಅವೂ ಸಕ್ಕರೆ ಏರಿಸುತ್ತವೆ. ಚಹಾದ ಸಕ್ಕರೆ ತಗ್ಗಿಸಿ; ಬೆಲ್ಲವೂ ಸಕ್ಕರೆಯೇ. ಉಪ್ಪು ಎಲ್ಲ ಸೇರಿ ದಿನಕ್ಕೆ 5 ಗ್ರಾಂ ಮೀರಬಾರದು.

ಎರಡು ಎಚ್ಚರಿಕೆ. ಊಟ ಸುಧಾರಿಸಿತೆಂದು ಮಾತ್ರೆ ನಿಲ್ಲಿಸಬೇಡಿ. ಮೂತ್ರಪಿಂಡದ ತೊಂದರೆ ಇದ್ದವರು ಮೇಲಿನ ಸಲಹೆಯನ್ನು ತಾವಾಗಿ ಅನುಸರಿಸಬಾರದು; ಸೊಪ್ಪು, ಹಣ್ಣು, ಕಾಳು ಅವರಿಗೆ ಎಷ್ಟೆಂದು ವೈದ್ಯರೇ ಹೇಳಬೇಕು.

30 ದಾಟಿದವರು ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 125 ಇದ್ದರೆ ಎಚ್ಚರಿಕೆಯ ಗಂಟೆ; 126 ಅಥವಾ ಹೆಚ್ಚಿದ್ದರೆ ಮತ್ತೊಮ್ಮೆ ಪರೀಕ್ಷಿಸಿ ವೈದ್ಯರನ್ನು ಕಾಣಿ. ಸಕ್ಕರೆ ಕಾಯಿಲೆ ಇರುವವರು ಮೂತ್ರದ ಅಲ್ಬುಮಿನ್ ಪರೀಕ್ಷೆಯನ್ನೂ ಮಾಡಿಸಿದರೆ ಮೂತ್ರಪಿಂಡದ ಹಾನಿ ಮೊದಲೇ ಗೊತ್ತಾಗುತ್ತದೆ.

ನಮ್ಮ ವಿನಂತಿ

ಆ ಅಕ್ಕನ ರಕ್ತವನ್ನೂ ಪರೀಕ್ಷೆ ಮಾಡಿಸಿದೆವು. ಖಾಲಿ ಹೊಟ್ಟೆಯಲ್ಲಿ 118. ಅವರಿಗೆ ಇನ್ನೂ ಕಾಲ ಮಿಂಚಿಲ್ಲ. ಅವರ ಯಜಮಾನರಿಗೆ ಔಷಧಿ ಮತ್ತು ಓಡಾಟದ ಖರ್ಚಿಗೆ ನೆರವು ಬೇಕು. ಅವರಂಥ ಇತರರ ಅರ್ಜಿಗಳೂ ನಮ್ಮ ಮುಂದಿವೆ. ಒಬ್ಬರ ಡಯಾಲಿಸಿಸ್‌ಗೆ ನೆರವಾಗುವಾಗಲೇ ಆ ಮನೆಯ ಉಳಿದವರ ಪರೀಕ್ಷೆಯನ್ನೂ ಮಾಡಿಸಬೇಕೆಂಬುದು ನನ್ನ ಆಸೆ. ವೈದ್ಯಕೀಯ ನಿಧಿಗೆ ತಮ್ಮ ಕೈಲಾದಷ್ಟು ಕೊಡಿ. ಹಣ ಕೊಡಲಾಗದವರು ಪಕ್ಕದ ಮನೆಯವರನ್ನು ಪರೀಕ್ಷೆಗೆ ಕರೆತನ್ನಿ, ಅದೂ ಸೇವೆಯೇ.