ಅತ್ತರಿನ ಊರು

ಕಾನಪುರದಿಂದ ವಾಯವ್ಯ ದಿಕ್ಕಿಗೆ ಹಳೆಯ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ಸುಮಾರು 80 ಕಿಲೋಮೀಟರು ಸಾಗಿದರೆ ಕನೌಜ್ ಎಂಬ ಪಟ್ಟಣ ಸಿಗುತ್ತದೆ. ಉತ್ತರಪ್ರದೇಶದ ಒಂದು ಚಿಕ್ಕ ಜಿಲ್ಲೆಯ ಕೇಂದ್ರಸ್ಥಾನ ಅದು. 1997ರವರೆಗೆ ಅದಕ್ಕೆ ಆ ಗೌರವವೂ ಇರಲಿಲ್ಲ. ಫರೂಕಾಬಾದ್ ಜಿಲ್ಲೆಗೆ ಸೇರಿದ ಊರಾಗಿತ್ತು. 2011ರ ಜನಗಣತಿಯ ಕಾಲಕ್ಕೆ ಅಲ್ಲಿದ್ದವರು 85,000ದ ಆಸುಪಾಸು. ಸುತ್ತ ಕಣ್ಣು ಹಾಯುವಷ್ಟು ದೂರ ಆಲೂಗಡ್ಡೆಯ ಹೊಲಗಳು. ರಸ್ತೆಯ ಬದಿಯಲ್ಲಿ ಆ ಬೆಳೆಯನ್ನು ಕೆಡದಂತೆ ಕಾಪಾಡುವ ಕಿಟಕಿಯಿಲ್ಲದ ದೊಡ್ಡ ಶೀತಲಗೃಹಗಳು. ಊರೊಳಗೆ ಕಚೇರಿಗಳು, ನ್ಯಾಯಾಲಯ, ಇಕ್ಕಟ್ಟಾದ ಪೇಟೆ. ಒಂದು ಕಾಲಕ್ಕೆ ಊರಿನ ಅಂಚಿನಲ್ಲೇ ಹರಿಯುತ್ತಿದ್ದ ಗಂಗೆಯೂ ಈಗ ಕೆಲವು ಕಿಲೋಮೀಟರು ದೂರ ಸರಿದಿದ್ದಾಳೆ. ಇಂಥ ಊರಿನ ವಿಷಯವನ್ನು ನಾವೇಕೆ ಓದಬೇಕು ಎಂದು ನೀವು ಕೇಳಬಹುದು.

ಮೊದಲು ಹೆಸರಿನ ಕಥೆ. ಕನೌಜ್ ಎಂಬುದು ಕನ್ಯಾಕುಬ್ಜ ಎಂಬ ಶಬ್ದದ ಸವೆದ ರೂಪ. ಕುಶನಾಭನೆಂಬ ಅರಸನ ನೂರು ಮಂದಿ ಪುತ್ರಿಯರನ್ನು ವಾಯುದೇವನು ವರಿಸಬಯಸಿದನಂತೆ. ತಂದೆಯ ಅನುಮತಿಯಿಲ್ಲದೆ ಒಪ್ಪೆವು ಎಂದ ಅವರ ಮೈಯನ್ನು ಅವನು ಕೋಪದಿಂದ ಗೂನಾಗಿಸಿದನು. ಮುಂದೆ ಬ್ರಹ್ಮದತ್ತನ ಕೈಹಿಡಿದಾಗ ಅವರ ಗೂನು ಮಾಯವಾಯಿತೆಂದು ರಾಮಾಯಣದ ಬಾಲಕಾಂಡ ಹೇಳುತ್ತದೆ. ಗೂನು ಹೋದರೂ ಊರಿನ ಹೆಸರಿನಲ್ಲಿ ಅದು ಉಳಿಯಿತು.

ಪುರಾಣದಿಂದ ಇತಿಹಾಸಕ್ಕೆ ಬಂದರೆ ಈ ಊರು ನಮಗೆ ಅಪರಿಚಿತವಲ್ಲ. ಕ್ರಿ. ಶ. 606ರಲ್ಲಿ ಪಟ್ಟಕ್ಕೆ ಬಂದ ಹರ್ಷವರ್ಧನನು ತನ್ನ ರಾಜಧಾನಿಯನ್ನು ಸ್ಥಾನೇಶ್ವರದಿಂದ ಇಲ್ಲಿಗೆ ತಂದನು. ಅವನ ತಂಗಿ ರಾಜ್ಯಶ್ರೀ ಈ ಊರಿನ ರಾಣಿಯಾಗಿದ್ದು ವಿಧವೆಯಾದವಳು. ಚೀನಾದ ಯಾತ್ರಿಕ ಹ್ಯುಯೆನ್‌ತ್ಸಾಂಗನು ಇಲ್ಲಿಯ ಕೋಟೆಯನ್ನೂ ವಿಹಾರಗಳನ್ನೂ ದೇವಾಲಯಗಳನ್ನೂ ಕಂಡು ಬರೆದಿದ್ದಾನೆ. ಆ ಹರ್ಷನನ್ನೇ ನರ್ಮದೆಯ ಬಳಿ ತಡೆದವನು ಬಾದಾಮಿಯ ಇಮ್ಮಡಿ ಪುಲಿಕೇಶಿ. 634ರ ಐಹೊಳೆಯ ಶಾಸನದಲ್ಲಿ ಕವಿ ರವಿಕೀರ್ತಿ ಆ ಗೆಲುವನ್ನು ಹೇಳುವಾಗ ಹರ್ಷನ ಹೆಸರಿನ ಮೇಲೆಯೇ ಶ್ಲೇಷೆ ಮಾಡಿ ನಗುತ್ತಾನೆ.

ಅನಂತರದ ಎರಡು ಶತಮಾನಗಳಲ್ಲಿ ಕನೌಜನ್ನು ಹಿಡಿದವನೇ ಉತ್ತರಾಪಥದ ಒಡೆಯ ಎಂಬ ಭಾವನೆ ಬೆಳೆಯಿತು. ಪ್ರತೀಹಾರರು, ಬಂಗಾಳದ ಪಾಲರು, ಮಾನ್ಯಖೇಟದ ರಾಷ್ಟ್ರಕೂಟರು ಈ ಒಂದು ನಗರಕ್ಕಾಗಿ ಕಾದಾಡಿದರು. 916ರ ಸುಮಾರಿಗೆ ರಾಷ್ಟ್ರಕೂಟರ ಮುಮ್ಮಡಿ ಇಂದ್ರನು ಇದನ್ನು ಗೆದ್ದನು. ಆ ದಂಡಯಾತ್ರೆಯಲ್ಲಿದ್ದ ಸಾಮಂತ ನರಸಿಂಹನು ಬೇರೆ ಯಾರೂ ಅಲ್ಲ, ಪಂಪನ ಆಶ್ರಯದಾತ ಅರಿಕೇಸರಿಯ ತಂದೆ. ಸೋತ ಮಹೀಪಾಲನನ್ನು ಅವನು ಬೆನ್ನಟ್ಟಿದ ಸಂಗತಿಯನ್ನು ಪಂಪ ತನ್ನ ಕಾವ್ಯದ ಮೊದಲಲ್ಲಿ ಸ್ಮರಿಸುತ್ತಾನೆ. ಗೆದ್ದದ್ದು ಹೆಚ್ಚು ದಿನ ನಮ್ಮವರ ಕೈಯಲ್ಲಿ ಉಳಿಯಲಿಲ್ಲ. 1018ರಲ್ಲಿ ಘಜ್ನಿಯ ಮಹಮೂದ್ ಬಂದನು. 1194ರಲ್ಲಿ ಜಯಚಂದ್ರನ ಪತನವಾಯಿತು. 1540ರಲ್ಲಿ ಶೇರ್‌ಷಾಹನು ಹುಮಾಯೂನನನ್ನು ಸೋಲಿಸಿದ್ದೂ ಇದರ ಸಮೀಪದಲ್ಲಿಯೇ.

ಇಷ್ಟೆಲ್ಲ ಕಂಡ ನಗರದಲ್ಲಿ ಇಂದು ಉಳಿದಿರುವುದೇನು? ದಿಬ್ಬಗಳು. ಇಟ್ಟಿಗೆಯ ಚೂರು, ಮಡಕೆಯ ಓಡು ತುಂಬಿದ ಮಣ್ಣಿನ ದಿಬ್ಬಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ಪರಿಶೀಲಿಸಿದ ಕನ್ನಿಂಗ್‌ಹ್ಯಾಮ್, ಹ್ಯುಯೆನ್‌ತ್ಸಾಂಗ್ ವರ್ಣಿಸಿದ ಕಟ್ಟಡಗಳನ್ನು ಗುರುತಿಸಲು ಬಹಳ ಕಷ್ಟಪಟ್ಟನು. ಇಲ್ಲಿ ದೊರೆತ ಶಿಲ್ಪಗಳನ್ನು ಊರಿನ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.

ನಾನು ಅಲ್ಲಿಗೆ ಹೋದದ್ದು ಕೆಲಸದಿಂದ ನಿವೃತ್ತನಾದ ಮೇಲೆ, ಕಾಶಿಯಾತ್ರೆ ಮುಗಿಸಿ ಹಿಂದಿರುಗುವ ದಾರಿಯಲ್ಲಿ. ಹರ್ಷನ ರಾಜಧಾನಿಯನ್ನು ನೋಡಬೇಕೆಂಬುದು ನನ್ನ ಹಂಬಲ. ನಲವತ್ತು ವರ್ಷ ಮಕ್ಕಳಿಗೆ ಆ ಹೆಸರನ್ನು ಹೇಳಿಕೊಟ್ಟವನಲ್ಲವೇ! ಆದರೆ ಅಂದು ನನ್ನನ್ನು ಹಿಡಿದು ನಿಲ್ಲಿಸಿದ್ದು ಹರ್ಷನಲ್ಲ, ಗುಲಾಬಿಯ ಪರಿಮಳ. ಒಂದು ಓಣಿಯಲ್ಲಿ ಚರಂಡಿಯ ವಾಸನೆಯನ್ನು ಹಿಂದಿಕ್ಕಿ ಅದು ಬರುತ್ತಿತ್ತು. ಅದರ ಜಾಡು ಹಿಡಿದು ನಡೆದರೆ ಹೊಗೆ ಕವಿದ ಒಂದು ಅಂಗಳ.

ಕನೌಜಿನ ಅತ್ತರನ್ನು ತಯಾರಿಸುವ ಕ್ರಮ ಬಹು ಹಳೆಯದು. ಮಣ್ಣಿನ ಒಲೆಗಳ ಮೇಲೆ ಸಾಲಾಗಿ ತಾಮ್ರದ ದೊಡ್ಡ ಹಂಡೆಗಳು. ಇವಕ್ಕೆ ‘ದೇಗ್’ ಎಂದು ಹೆಸರು. ಬೆಳಗಿನ ಜಾವ, ಬಿಸಿಲೇರುವ ಮೊದಲೇ ಬಿಡಿಸಿ ತಂದ ಹೂವನ್ನು ನೀರಿನೊಡನೆ ಅದರಲ್ಲಿ ತುಂಬುತ್ತಾರೆ. ಮುಚ್ಚಳವಿಟ್ಟು, ಹತ್ತಿ ಕಲಸಿದ ಜೇಡಿಮಣ್ಣಿನಿಂದ ಸಂದುಗಳನ್ನು ಮೆತ್ತುತ್ತಾರೆ. ಮುಚ್ಚಳದಿಂದ ಹೊರಟ ಬಿದಿರಿನ ಕೊಳವೆ, ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗಿರುವ ಉದ್ದ ಕತ್ತಿನ ತಾಮ್ರದ ಪಾತ್ರೆಯನ್ನು ಸೇರುತ್ತದೆ. ಅದು ‘ಭಪ್ಕಾ’. ಅದರಲ್ಲಿ ಮೊದಲೇ ಗಂಧದೆಣ್ಣೆ ಇರುತ್ತದೆ. ಕಟ್ಟಿಗೆ, ಬೆರಣಿಗಳ ಉರಿಗೆ ನೀರು ಕುದಿದು, ಹೂವಿನ ಸಾರವನ್ನು ಹೊತ್ತ ಹಬೆ ಕೊಳವೆಯ ಮೂಲಕ ಹರಿದು, ಭಪ್ಕಾದ ತಂಪಿಗೆ ದ್ರವವಾಗುತ್ತದೆ. ಪರಿಮಳವನ್ನು ಗಂಧದೆಣ್ಣೆ ಹೀರಿಕೊಳ್ಳುತ್ತದೆ. ನೀರು ಕೆಳಗೆ ನಿಲ್ಲುತ್ತದೆ. ಆ ನೀರನ್ನು ಬಸಿದು, ಅದೇ ಎಣ್ಣೆಗೆ ಮರುದಿನ ಹೊಸ ಹೂವಿನ ಹಬೆಯನ್ನು ಹಾಯಿಸುತ್ತಾರೆ. ಹೀಗೆ ದಿನಗಟ್ಟಲೆ ನಡೆಯುತ್ತದೆ. ಗುಲಾಬಿಯಷ್ಟೇ ಅಲ್ಲ, ಮಲ್ಲಿಗೆ, ಕೇದಗೆ, ಗೋರಂಟಿ, ಲಾವಂಚದ ಬೇರು ಎಲ್ಲಕ್ಕೂ ಇದೇ ವಿಧಾನ.

ಅಲ್ಲಿ ಉಷ್ಣಮಾಪಕವಿರಲಿಲ್ಲ, ಗಡಿಯಾರವೂ ಕಾಣಲಿಲ್ಲ. ಒಲೆಯ ಮುಂದೆ ಕುಳಿತಿದ್ದ ಮುದುಕರೊಬ್ಬರು ಆಗಾಗ ತೊಟ್ಟಿಗೆ ಕೈಯಿಳಿಸಿ ಭಪ್ಕಾವನ್ನು ಮುಟ್ಟಿ ನೋಡುತ್ತಿದ್ದರು. ಸಾಕು ಎನ್ನಿಸಿದಾಗ ಒದ್ದೆಬಟ್ಟೆಯಿಂದ ದೇಗನ್ನು ಒರೆಸಿ ಕುದಿತವನ್ನು ತಗ್ಗಿಸಿ, ಭಪ್ಕಾವನ್ನು ಬದಲಿಸುತ್ತಿದ್ದರು. ಉರಿ ಸ್ವಲ್ಪ ಹೆಚ್ಚಾದರೆ ಹೂವು ಸೀದು ಇಡೀ ದಿನದ ಶ್ರಮ ಹಾಳು.

“ಬಾಬೂಜಿ, ಯಾವ ಕಡೆಯವರು?” ಎಂದು ಅವರು ಹಿಂದಿಯಲ್ಲಿ ಕೇಳಿದರು. ಕರ್ನಾಟಕ ಎಂದೆ, ಅವರಿಗೆ ತಿಳಿದಂತೆ ಕಾಣಲಿಲ್ಲ. ಮೈಸೂರು ಎಂದೆ. ಅವರ ಮುಖ ಅರಳಿತು. “ಹಾಗಾದರೆ ಚಂದನದ ನಾಡಿನವರು! ನಮ್ಮ ತಂದೆಯ ಕಾಲದಲ್ಲಿ ನಿಮ್ಮ ಚಂದನವಿಲ್ಲದೆ ಇಲ್ಲಿ ಒಲೆಯೇ ಹೊತ್ತುತ್ತಿರಲಿಲ್ಲ” ಎಂದರು.

ಈ ಮಾತಿನ ಹಿಂದೆ ಒಂದು ದೊಡ್ಡ ಕಷ್ಟವಿದೆ. ನಮ್ಮ ಕಾಡುಗಳಲ್ಲಿ ಗಂಧದ ಮರ ಕಳ್ಳಸಾಗಣೆಯಿಂದಲೂ ರೋಗದಿಂದಲೂ ವಿರಳವಾದಂತೆ ಗಂಧದೆಣ್ಣೆಯ ಬೆಲೆ ಗಗನಕ್ಕೇರಿತು. ಸ್ವಂತ ಭೂಮಿಯ ಗಂಧದ ಮರದ ಮೇಲೆ ರೈತನಿಗೆ ಒಡೆತನ ಸಿಕ್ಕಿದ್ದು 2001ರ ಕಾನೂನು ತಿದ್ದುಪಡಿಯಿಂದ. ಆದರೆ ನೆಟ್ಟ ಗಂಧ ಬಲಿಯಲು ದಶಕಗಳು ಬೇಕು. ಅಷ್ಟರಲ್ಲಿ ಕನೌಜಿನ ಬಹುಪಾಲು ಒಲೆಗಳ ಮುಂದೆ ಗಂಧದೆಣ್ಣೆಯ ಸ್ಥಾನವನ್ನು ಲಿಕ್ವಿಡ್ ಪ್ಯಾರಾಫಿನ್ ಆಕ್ರಮಿಸಿತು. ಖನಿಜತೈಲದಿಂದ ತೆಗೆಯುವ, ಬಣ್ಣ ವಾಸನೆಗಳಿಲ್ಲದ ಅಗ್ಗದ ಎಣ್ಣೆ ಅದು. ಗಂಧದೆಣ್ಣೆ ಹೂವಿನ ಪರಿಮಳಕ್ಕೆ ತನ್ನದನ್ನೂ ಕೂಡಿಸಿ ಬಹುಕಾಲ ಹಿಡಿದಿಡುತ್ತದೆ. ಪ್ಯಾರಾಫಿನ್ನಿಗೆ ಆ ಗುಣವಿಲ್ಲ. ಇನ್ನೊಂದು ಕಡೆ, ಮದ್ಯಸಾರದಲ್ಲಿ ಬೆರೆಸಿದ ಕೃತಕ ಸುಗಂಧಗಳು ಮಾರುಕಟ್ಟೆಯನ್ನು ತುಂಬಿದವು. ಅತ್ತರಿಗೆ ದೊಡ್ಡ ಗಿರಾಕಿಗಳಾಗಿ ಉಳಿದವರು ಪಾನ್ ಮಸಾಲ, ಜರದಾ ಮಾಡುವವರು. ಬೆಳಗಿನ ಜಾವದ ಗುಲಾಬಿ ತಂಬಾಕಿನ ಪೊಟ್ಟಣವನ್ನು ಸೇರುವುದನ್ನು ನೆನೆದರೆ ನನಗಂತೂ ಕಸಿವಿಸಿಯಾಗುತ್ತದೆ. ಆದರೆ ಆ ವ್ಯಾಪಾರವೂ ಇಲ್ಲದಿದ್ದರೆ ಎಷ್ಟು ಒಲೆಗಳು ಆರಿಹೋಗುತ್ತಿದ್ದವೋ ಎಂದು ಮುದುಕರು ಕೇಳಿದಾಗ ನಾನು ಉತ್ತರ ಕೊಡಲಾರದೆ ಹೋದೆ.

ಪ್ರಯತ್ನಗಳು ನಡೆದಿಲ್ಲವೆಂದಲ್ಲ. ಕೇಂದ್ರ ಸರ್ಕಾರವು 1991ರಲ್ಲಿ ಇಲ್ಲಿ ಸುಗಂಧ ಮತ್ತು ಸುರಸ ಅಭಿವೃದ್ಧಿ ಕೇಂದ್ರವನ್ನು ತೆರೆಯಿತು. ಕನೌಜಿನ ಸುಗಂಧಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಆದರೆ ಆ ಮುದುಕರ ಮಗ ಕಾನಪುರದಲ್ಲಿ ಲಾರಿ ನಡೆಸುತ್ತಾನೆ. ಭಪ್ಕಾವನ್ನು ಮುಟ್ಟಿ ಹೊತ್ತನ್ನು ತಿಳಿಯುವ ವಿದ್ಯೆಯನ್ನು ಅವನು ಕಲಿಯಲಿಲ್ಲ.

ಅಂಗಳದ ಮೂಲೆಯಲ್ಲಿ ಸುಟ್ಟ ಮಣ್ಣಿನ ಬಿಲ್ಲೆಗಳ ರಾಶಿಯೊಂದಿತ್ತು. ಬೇಸಿಗೆಯಲ್ಲಿ ಈ ಬಿಲ್ಲೆಗಳನ್ನೇ ಹೂವಿನಂತೆ ದೇಗಿನಲ್ಲಿ ಕುದಿಸಿ ‘ಮಿಟ್ಟಿ’ ಎಂಬ ಅತ್ತರನ್ನು ಇಳಿಸುತ್ತಾರೆ. ಕಾದ ನೆಲಕ್ಕೆ ಮೊದಲ ಮಳೆ ಬಿದ್ದಾಗ ಏಳುವ ವಾಸನೆಯೇ ಅದರ ಪರಿಮಳ. ಮುದುಕರು ಒಳಗಿನಿಂದ ಚಿಕ್ಕ ಸೀಸೆಯೊಂದನ್ನು ತಂದು, “ಇದು ಚಂದನದಲ್ಲಿ ಇಳಿಸಿದ್ದು, ಉಜ್ಜಬೇಡಿ” ಎನ್ನುತ್ತ ನನ್ನ ಮುಂಗೈಗೆ ಒಂದು ಹನಿ ಹಚ್ಚಿದರು. ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ.

ಸಂಜೆಯ ರೈಲಿನಲ್ಲಿ ಕಿಕ್ಕಿರಿದ ಜನ, ಧೂಳು, ಚೈತ್ರದ ಸೆಕೆ. ನನ್ನ ಪಕ್ಕದಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು ಥಟ್ಟನೆ ತಲೆಯೆತ್ತಿ, ಎಲ್ಲಿ ಮಳೆಯಾಯಿತು ಎಂದು ಕಿಟಕಿಯ ಹೊರಗೆ ನೋಡಿದರು.