ಇಲ್ಲದ್ದೂ ಒಂದು ಪದಾರ್ಥವೇ? ಅಭಾವದ ವಾದ

ಭಟ್ಕಳ ತಾಲೂಕಿನ ಹಾಡುವಳ್ಳಿ (ಸಂಗೀತಪುರ) ಮತ್ತು ಹೊನ್ನಾವರ ತಾಲೂಕಿನ ಗೇರುಸೊಪ್ಪೆ ವಿಜಯನಗರ ಕಾಲದಲ್ಲಿ ಜೈನವಿದ್ಯೆಯ ನೆಲೆಗಳಾಗಿದ್ದವು. ಗೇರುಸೊಪ್ಪೆಯಲ್ಲಿ ಚತುರ್ಮುಖ ಬಸದಿ ಉಳಿದಿದೆ, ಹಳೆಯ ನಗರ ಇಲ್ಲ. ಆ ‘ಇಲ್ಲ’ವನ್ನು ನಾವು ಅರಿಯುವುದು ಹೇಗೆ? ನಂತರದ ವೈಶೇಷಿಕರು ಅಭಾವವನ್ನು, ಎಂದರೆ ಇಲ್ಲದಿರುವಿಕೆಯನ್ನು, ಏಳನೆಯ ಪದಾರ್ಥವೆಂದರು. ಅದನ್ನು ತಿಳಿಯಲು ಮೀಮಾಂಸಕ ಕುಮಾರಿಲ ಭಟ್ಟ ಆರನೆಯ ಪ್ರಮಾಣವನ್ನೇ (ಅರಿವಿನ ಸಾಧನವನ್ನೇ) ಒಪ್ಪಿದ. ಅವನ ಅನುಯಾಯಿಗಳಾದ ಭಾಟ್ಟರು ಆ ಪ್ರಮಾಣವನ್ನು ಅನುಪಲಬ್ಧಿ (ಕಾಣದಿರುವಿಕೆ) ಎನ್ನುತ್ತಾರೆ. ಇನ್ನೊಬ್ಬ ಮೀಮಾಂಸಕ ಪ್ರಭಾಕರನಿಗೆ ಮಾತ್ರ ಕಾಣುವುದು ಬರಿಯ ನೆಲ, ಅದರಾಚೆ ಅಭಾವವೆಂಬುದು ಬೇರೆ ಇಲ್ಲ. ಈ ಮಿತವ್ಯಯ ಚೆನ್ನ, ಆದರೆ ಸಾಲದು. ಎಂದೂ ಊರಿರದ ಕಾಡಿನ ನೆಲವೂ ಬರಿದು, ಗೇರುಸೊಪ್ಪೆಯ ನೆಲವೂ ಬರಿದು. ಇಲ್ಲಿ ಇದ್ದದ್ದು ಅಳಿದಿದೆ ಎಂಬುದನ್ನು ಬರಿನೆಲ ತಾನಾಗಿ ಹೇಳದು. ಇದ್ದದ್ದು ಅಳಿದಾಗಿನ ಈ ಅಭಾವವೇ ಪ್ರಧ್ವಂಸಾಭಾವ.

ಜೈನ ದಾರ್ಶನಿಕ ಸಮಂತಭದ್ರನ ‘ಆಪ್ತಮೀಮಾಂಸೆ’ಯ ವಾದವೇ ಹೆಚ್ಚು ಗಟ್ಟಿ: ಪ್ರಾಗಭಾವವನ್ನು (ಹುಟ್ಟುವ ಮುನ್ನಿನ ಅಭಾವ) ಅಲ್ಲಗಳೆದರೆ ಕಾರ್ಯಕ್ಕೆ ಆದಿಯಿರದು, ಪ್ರಧ್ವಂಸವನ್ನು ಅಲ್ಲಗಳೆದರೆ ಅಂತ್ಯವಿರದು, ಅನ್ಯೋನ್ಯಾಭಾವ (ಒಂದು ಇನ್ನೊಂದಲ್ಲ ಎಂಬುದು) ಬಿಟ್ಟರೆ ಎಲ್ಲವೂ ಒಂದೇ ಆಗುತ್ತದೆ. ನಾಲ್ಕನೆಯದು ಅತ್ಯಂತಾಭಾವ, ಎಂದೆಂದಿಗೂ ಇಲ್ಲದಿರುವಿಕೆ. ಹೀಗೆ ಅಭಾವವನ್ನೂ ವಸ್ತುವಿನಲ್ಲೇ ಒಪ್ಪಿದರೆ, ಒಂದೇ ವಸ್ತು ಇದೆ, ಇಲ್ಲ ಎರಡನ್ನೂ ಹೇಳುವುದು ವಿರೋಧವಲ್ಲವೇ ಎಂಬ ಆಕ್ಷೇಪವುಂಟು. ಒಂದೇ ದೃಷ್ಟಿಯಿಂದ ಎರಡನ್ನೂ ಹೇಳಿದರೆ ವಿರೋಧ, ಜೈನರು ಹಾಗೆನ್ನುವುದಿಲ್ಲ. ವಸ್ತು ತನ್ನ ದ್ರವ್ಯ, ಕ್ಷೇತ್ರ, ಕಾಲ, ಭಾವಗಳಿಂದ ಇದೆ, ಬೇರೆ ವಸ್ತುವಿನ ದ್ರವ್ಯಾದಿಗಳಿಂದ ಇಲ್ಲ. ಹಾಗಾದರೆ ಎಂದೂ ಇಲ್ಲದ ಮೊಲದ ಕೊಂಬು? ಮೊಲವೂ ಉಂಟು, ಕೊಂಬೂ ಉಂಟು. ಇಲ್ಲದ್ದು ಅವುಗಳ ಸಂಬಂಧ ಎಂದು ನೈಯಾಯಿಕರು ಜಾಣತನದಿಂದ ಬಿಡಿಸಿದರು.

ಕೊನೆಗೆ, ಈ ಗ್ರಂಥದ ವ್ಯಾಖ್ಯಾನಕಾರನ ಹೆಸರಿನಲ್ಲಿ ಓದುಗರು ಎಡವುವುದುಂಟು: ಆಪ್ತಮೀಮಾಂಸೆಗೆ ‘ಅಷ್ಟಶತೀ’ ವ್ಯಾಖ್ಯಾನ ಬರೆದವನು 8ನೇ ಶತಮಾನದ ಅಕಲಂಕ, 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ ರಚಿಸಿದ ಹಾಡುವಳ್ಳಿ ಮಠದ ಭಟ್ಟಾಕಲಂಕ ಬೇರೆ.